ತುಟಿ ಕಂಡರೆ ತಲೆಗೆ ಹಗುರ

(ಮಂಡ್ಯದಲ್ಲಿ ಹಿರಿಯರು, ಅವರ ಮನೆಯವರು ಮತ್ತು ಕೆಲವು ಶಾಲಾ ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನಲ್ಲಿ ಕೂತಿರುವ ಹಿರಿಯರು ದಯವಿಟ್ಟು ಮುಂದಕ್ಕೆ ಬನ್ನಿ. ಮುಂದಿನ ಕುರ್ಚಿಗಳು ಖಾಲಿ ಇವೆ ಅಂತ ಕರೆಯುತ್ತಿಲ್ಲ. ನನ್ನ ಬಾಯಿ ನಿಮಗೆ ಸರಿಯಾಗಿ ಕಾಣಬೇಕು. ಇವತ್ತಿನ ವಿಷಯವೇ ಅದು.

ನಾನು ಆಡಿಯಾಲಜಿಸ್ಟ್. ಕಿವಿ ಪರೀಕ್ಷೆ ಮಾಡೋದು, ನೀವೆಲ್ಲ 'ಕಿವಿ ಮಿಷನ್' ಅನ್ನುವ ಹಿಯರಿಂಗ್ ಏಡ್ ಹೊಂದಿಸಿ ಕೊಡೋದು ನನ್ನ ಕೆಲಸ. ಈ ಭಾಗದ ಜನಕ್ಕೆ ಈ ಕೆಲಸದ ಪರಿಚಯ ಬೇರೆ ಕಡೆಗಿಂತ ಜಾಸ್ತಿಯೇ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ನಿಮ್ಮಲ್ಲಿ ಎಷ್ಟೋ ಜನ ಮಕ್ಕಳನ್ನೋ ಅಪ್ಪ ಅಮ್ಮನನ್ನೋ ಕರೆದುಕೊಂಡು ಅಲ್ಲಿಗೆ ಹೋಗಿ ಬಂದಿರುತ್ತೀರಿ.

ಪರೀಕ್ಷೆಗೆ ಕರೆತರುವ ಮನೆಯವರ ಬಾಯಲ್ಲಿ ನಾನು ಪದೇ ಪದೇ ಕೇಳುವ ಮಾತೊಂದಿದೆ. "ಮೇಡಂ, ಅಪ್ಪಂಗೆ ಕಿವಿ ಕೇಳ್ಸುತ್ತೆ. ಹೇಳಿದ್ದು ತಲೇಲಿ ನಿಲ್ಲಲ್ಲ ಅಷ್ಟೆ. ವಯಸ್ಸಾಯ್ತಲ್ಲ, ಮರೆವು." ಈ ಮಾತು ಕೆಲವು ಸಲ ನಿಜ ಇರುತ್ತದೆ. ಆದರೆ ಬಹಳ ಸಲ ಮರೆವು ಅಂತ ನಾವು ಹೆಸರಿಟ್ಟಿದ್ದು ಮರೆವೇ ಆಗಿರುವುದಿಲ್ಲ. ಕೇಳಿಸಿಕೊಳ್ಳುವುದಕ್ಕೇ ತಲೆ ಎಲ್ಲ ಖರ್ಚಾಗಿ, ನೆನಪಿಟ್ಟುಕೊಳ್ಳೋಕೆ ಏನೂ ಉಳಿದಿರುವುದಿಲ್ಲ. ಇದನ್ನು ನಿಮಗೆ ಮನವರಿಕೆ ಮಾಡಿಕೊಡಬೇಕು ಅಂತಲೇ ಬಂದಿದ್ದೇನೆ.

ಮೊದಲು ಒಂದು ಸಣ್ಣ ಪ್ರಯೋಗ. ಈ ಸ್ಪೀಕರಿನಲ್ಲಿ ಬಸ್ ಸ್ಟ್ಯಾಂಡಿನ ಗದ್ದಲ ಹಾಕುತ್ತೇನೆ. ಇಂಜಿನ್ ಸದ್ದು, ಹಾರ್ನ್, "ಮೈಸೂರ್ ಮೈಸೂರ್ ಮೈಸೂರ್" ಎಲ್ಲ ಇದೆ ಇದರಲ್ಲಿ. ಈಗ ಬಾಯಿಗೆ ಈ ರಟ್ಟು ಅಡ್ಡ ಹಿಡಿದು ಒಂದು ಪದ ಹೇಳುತ್ತೇನೆ. 'ಮರಿ' ಅಂತ ಕೇಳಿಸಿದವರು ಬಲಗೈ ಎತ್ತಿ, 'ನರಿ' ಅಂತ ಕೇಳಿಸಿದವರು ಎಡಗೈ ಎತ್ತಿ.

(ಸಭೆಯಲ್ಲಿ ಎರಡೂ ಕೈಗಳು ಎದ್ದವು. ಅಕ್ಕಪಕ್ಕ ಕೂತ ಗಂಡ ಹೆಂಡತಿಯಲ್ಲೇ ಒಬ್ಬರು ಬಲಗೈ, ಇನ್ನೊಬ್ಬರು ಎಡಗೈ.)

ಈಗ ರಟ್ಟು ತೆಗೆಯುತ್ತೇನೆ. ಗದ್ದಲ ಅಷ್ಟೇ ಇದೆ, ನನ್ನ ದನಿಯೂ ಅಷ್ಟೇ. ಹೇಳಿ?

(ಎಲ್ಲರದೂ ಬಲಗೈ.)

ನೋಡಿದಿರಲ್ಲ. ಸದ್ದಿನಲ್ಲಿ ಏನೂ ಬದಲಾಗಲಿಲ್ಲ. 'ಮ' ಅನ್ನುವಾಗ ನನ್ನ ತುಟಿ ಮುಚ್ಚಿದ್ದು ನಿಮಗೆ ಕಂಡಿತು, ಅಷ್ಟೇ. 'ನ' ಅನ್ನುವಾಗ ತುಟಿ ಮುಚ್ಚುವುದಿಲ್ಲ. ನೀವು ಯಾರೂ "ತುಟಿ ನೋಡೋಣ" ಅಂತ ಯೋಚನೆ ಮಾಡಿ ನೋಡಲಿಲ್ಲ. ಕಣ್ಣು ತಾನಾಗಿ ನೋಡಿತು, ಕಿವಿಗೆ ಸ್ಪಷ್ಟವಾಗಿ ಕೇಳಿಸಿದ ಹಾಗೆ ನಿಮಗೆ ಅನ್ನಿಸಿತು. ತುಟಿ ನೋಡಿ ಮಾತು ತಿಳಿಯುವುದು ಕಿವುಡರ ವಿದ್ಯೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕಣ್ಣು ಕಾಣುವವರು ಎಲ್ಲರೂ ದಿನವಿಡೀ ಇದನ್ನೇ ಮಾಡುತ್ತಿರುತ್ತಾರೆ.

ಇನ್ನೊಂದು ನೋಡಿ. ಈಗ ಗದ್ದಲ ಇಲ್ಲ, ದನಿಯೂ ಇಲ್ಲ. ಬರೀ ಬಾಯಿ ಆಡಿಸುತ್ತೇನೆ. ಇದು 'ಬಳೆ'ನಾ, 'ಮಳೆ'ನಾ? ಹೇಳೋಕೆ ಆಗಲ್ಲ ಅಲ್ವಾ? ಪ, ಬ, ಮ ಮೂರಕ್ಕೂ ತುಟಿ ಮುಚ್ಚಿ ತೆರೆಯುವುದು ಒಂದೇ ಥರ. ಪಾಡು, ಬಾಡು, ಮಾಡು ಮೂರೂ ಕಣ್ಣಿಗೆ ಒಂದೇ. 'ಕಲ್ಲು' ಮತ್ತು 'ಕಳ್ಳು' ಅಂತೂ ಕೇಳಲೇಬೇಡಿ. ಅಲ್ಲಿ ಕೆಲಸ ಎಲ್ಲ ನಾಲಿಗೆಯದು, ಅದೂ ಬಾಯೊಳಗೆ. ತುಟಿ ನೋಡಿದರೆ ಏನೂ ಗೊತ್ತಾಗಲ್ಲ.

ಅಂದರೆ ಕಣ್ಣೊಂದರಿಂದ ಮಾತು ಪೂರ್ತಿ ತಿಳಿಯುವುದಿಲ್ಲ. ಆದರೆ ಒಂದು ಒಳ್ಳೆಯ ಹೊಂದಾಣಿಕೆ ಇಲ್ಲಿದೆ. 1955ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ನೈಸ್ಲಿ ಗದ್ದಲದಲ್ಲಿ ಯಾವ ವ್ಯಂಜನ ಯಾವುದರ ಥರ ಕೇಳಿಸುತ್ತದೆ ಅಂತ ಲೆಕ್ಕ ಹಾಕಿದರು. ಮೂಗಿನಿಂದ ಬರುವ ಸದ್ದೋ ಅಲ್ಲವೋ, ಗಂಟಲು ನಡುಗುತ್ತದೋ ಇಲ್ಲವೋ, ಇವು ಗದ್ದಲದಲ್ಲೂ ಸಾಕಷ್ಟು ಉಳಿಯುತ್ತವೆ. ಆದರೆ ಆ ಅಕ್ಷರ ತುಟಿಯಲ್ಲಿ ಹುಟ್ಟಿತೋ, ಹಲ್ಲಿನ ಹಿಂದೆ ಹುಟ್ಟಿತೋ, ಗಂಟಲ ಹತ್ತಿರವೋ ಅನ್ನೋದು ಬೇಗ ಅಳಿಸಿ ಹೋಗುತ್ತದೆ. ತುಟಿ ನೋಡಿದರೆ ಗೊತ್ತಾಗುವುದು ಇದೇ ತಾನೆ? 'ಬಳೆ'ಯೋ 'ಮಳೆ'ಯೋ ಅನ್ನೋದನ್ನು ಕಿವಿ ಹೇಳುತ್ತದೆ. 'ಮರಿ'ಯೋ 'ನರಿ'ಯೋ ಅನ್ನೋದನ್ನು ಕಣ್ಣು ಹೇಳುತ್ತದೆ. ಕಿವಿ ಎಲ್ಲಿ ಸೋಲುತ್ತದೋ ಅಲ್ಲೇ ಕಣ್ಣು ಗಟ್ಟಿ. ಎಷ್ಟು ವರ್ಷ ಈ ಕೆಲಸ ಮಾಡಿದರೂ ನನಗೆ ಇದರ ಬೆರಗು ಕಮ್ಮಿಯಾಗಿಲ್ಲ.

ಇದಕ್ಕೆ ಒಂದು ವರ್ಷ ಮೊದಲು, 1954ರಲ್ಲಿ, ಸಂಬಿ ಮತ್ತು ಪೊಲ್ಲಾಕ್ ಅನ್ನುವ ಇಬ್ಬರು ಇನ್ನೊಂದು ವಿಷಯ ತೋರಿಸಿದ್ದರು. ಗದ್ದಲ ಹೆಚ್ಚಿದಷ್ಟೂ ಮುಖ ನೋಡುವುದರಿಂದ ಆಗುವ ಲಾಭವೂ ಹೆಚ್ಚು. ನಿಶ್ಶಬ್ದ ಕೋಣೆಯಲ್ಲಿ ಮುಖ ಕಂಡರೂ ಕಾಣದಿದ್ದರೂ ದೊಡ್ಡ ವ್ಯತ್ಯಾಸ ಇಲ್ಲ. ಇದನ್ನು ಓದೋಕೆ ನಿಮಗೆ ಪತ್ರಿಕೆ ಬೇಡ. ನಿಮ್ಮೂರಿನ ಆಲೆಮನೆಗೆ ಹೋಗಿ ನಿಂತುಕೊಳ್ಳಿ. ಗಾಣ ತಿರುಗುವ ಸದ್ದಿನಲ್ಲಿ ಕಬ್ಬು ಕೊಡುವವನೂ ಕೊಪ್ಪರಿಗೆ ಹತ್ತಿರ ನಿಂತವನೂ ಹೇಗೆ ಮಾತಾಡುತ್ತಾರೆ ನೋಡಿ. ಬಾಯಿ ದೊಡ್ಡದಾಗಿ ತೆರೆದು, ಒಬ್ಬರ ಮುಖ ಒಬ್ಬರು ನೋಡಿಕೊಂಡೇ ಮಾತಾಡುತ್ತಾರೆ. ಇಂಗ್ಲೆಂಡಿನ ಲ್ಯಾಂಕಶೈರಿನ ಬಟ್ಟೆ ಗಿರಣಿಗಳಲ್ಲಿ ಮಗ್ಗದ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ. ಅಲ್ಲಿನ ಹೆಂಗಸರು ತುಟಿ, ಮುಖ, ಕೈ ಆಡಿಸಿಯೇ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದರು. ಅದಕ್ಕೆ 'ಮೀ-ಮಾ' ಅಂತ ಹೆಸರೂ ಇತ್ತು.

ಕಣ್ಣು ಸಹಾಯ ಮಾಡುತ್ತದೆ ಅನ್ನೋದು ಸರಿ. ಆದರೆ ಕಿವಿಗೆ ಸ್ಪಷ್ಟವಾಗಿ ಕೇಳಿಸಿದ್ದನ್ನೂ ಕಣ್ಣು ಬದಲಾಯಿಸಬಲ್ಲದು ಅಂತ ಗೊತ್ತಾದದ್ದು 1976ರಲ್ಲಿ. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ಎಳೆಮಕ್ಕಳ ಮೇಲೆ ಒಂದು ಅಧ್ಯಯನಕ್ಕೆ ತಯಾರಿ ಮಾಡುತ್ತಿದ್ದರು. 'ಗ ಗ' ಅನ್ನುವ ಮುಖದ ಚಿತ್ರಕ್ಕೆ 'ಬ ಬ' ಅನ್ನುವ ದನಿ ಜೋಡಿಸಿದ್ದರು. ಹಾಕಿ ನೋಡಿದರೆ ಕೇಳಿಸಿದ್ದು 'ದ ದ'. ಟೇಪಿನಲ್ಲಿ 'ದ' ಎಲ್ಲೂ ಇರಲಿಲ್ಲ. ಕಣ್ಣು ಮುಚ್ಚಿದರೆ 'ಬ'. ಕಣ್ಣು ತೆರೆದರೆ ಮತ್ತೆ 'ದ'. ಇದರ ಗುಟ್ಟು ಗೊತ್ತಿದ್ದವರಿಗೂ ಹಾಗೇ ಕೇಳಿಸುತ್ತದೆ. ಎಲ್ಲರಿಗೂ ಒಂದೇ ಸಮ ಆಗುವುದಿಲ್ಲ, ಅದು ನಿಜ. ಜಪಾನೀಯರಲ್ಲಿ ಇದು ಕಮ್ಮಿ ಅಂತ 1991ರ ಒಂದು ಅಧ್ಯಯನ ತೋರಿಸಿತು. ಆದರೂ ಮಾತು ಕೇಳುವುದರಲ್ಲಿ ಕಣ್ಣಿಗೂ ಪಾಲಿದೆ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾದ ಸಾಕ್ಷಿ ನನಗೆ ಗೊತ್ತಿಲ್ಲ.

ಕಣ್ಣಿನ ಸುದ್ದಿ ಸ್ವಲ್ಪ ಮುಂಚೆಯೇ ಬರುತ್ತದೆ ಅನ್ನೋದೂ ಮುಖ್ಯ. ಸುಮ್ಮನಿದ್ದವನು 'ಬಾ' ಅನ್ನಬೇಕಾದರೆ ಮೊದಲು ತುಟಿ ಮುಚ್ಚಬೇಕು. ದನಿ ಹೊರಡುವುದು ಆಮೇಲೆ. ಆ ಚೂರು ಹೊತ್ತಿನಲ್ಲೇ ಎದುರಿನವರ ಮಿದುಳು 'ಪ, ಬ, ಮ ಇವುಗಳಲ್ಲಿ ಒಂದು ಬರುತ್ತಿದೆ' ಅಂತ ತಯಾರಾಗಿರುತ್ತದೆ. ತುಟಿ ಕಂಡಾಗ ಸದ್ದಿಗೆ ಮಿದುಳು ಸ್ಪಂದಿಸುವುದು ಬೇಗ ಆಗುತ್ತದೆ, ಮತ್ತು ಸ್ಪಂದನೆಯ ಪ್ರಮಾಣ ಕಮ್ಮಿ ಇರುತ್ತದೆ ಅಂತ 2005ರಲ್ಲಿ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದು ತೋರಿಸಿದ್ದಾರೆ. ಬರುವುದೇನು ಅಂತ ಅರ್ಧ ಗೊತ್ತಿದ್ದರೆ ದುಡಿಮೆ ಕಮ್ಮಿ. 'ದುಡಿಮೆ' ಅನ್ನುವ ಈ ಮಾತನ್ನು ಸ್ವಲ್ಪ ಹಿಡಿದುಕೊಂಡಿರಿ. ಮುಂದೆ ಹೇಳುವುದೆಲ್ಲ ಅದರ ಮೇಲೇ ನಿಂತಿದೆ.

ಈಗ ನೆನಪಿನ ಕಡೆ ಬರೋಣ.

ನೆನಪು ಅಂದ ತಕ್ಷಣ ನಮಗೆ ಮದುವೆ, ಹಬ್ಬ, ಸ್ಕೂಲಿನ ದಿನ ಎಲ್ಲ ಕಣ್ಣಮುಂದೆ ಬರುತ್ತದೆ. ನಾನು ಹೇಳುತ್ತಿರುವುದು ಆ ನೆನಪಲ್ಲ. ಒಬ್ಬರು ಮಾತಾಡುತ್ತಿರುವಾಗ ಆ ಮಾತಿನ ತಲೆ ಬಾಲ ಜೋಡಿಸುವವರೆಗೆ ಹಿಡಿದಿಟ್ಟುಕೊಳ್ಳುವ, ಕೆಲವೇ ಸೆಕೆಂಡಿನ ನೆನಪು. ಇಂಗ್ಲಿಷಿನಲ್ಲಿ ಇದಕ್ಕೆ ವರ್ಕಿಂಗ್ ಮೆಮೊರಿ ಅಂತಾರೆ. ಇದರ ಬಗ್ಗೆ ಇವತ್ತಿಗೂ ಎಲ್ಲರೂ ಎತ್ತಿ ಹೇಳುವ ವಿವರಣೆಯನ್ನು ಬ್ಯಾಡ್ಲಿ ಮತ್ತು ಹಿಚ್ 1974ರಲ್ಲಿ ಕೊಟ್ಟರು. ಹಿಡಿದಿಟ್ಟುಕೊಳ್ಳುವುದು ಮತ್ತು ಅದರ ಮೇಲೆ ಕೆಲಸ ಮಾಡುವುದು ಎರಡೂ ಒಟ್ಟಿಗೆ ನಡೆಯುವ ಜಾಗ ಇದು. ಜಾಗ ಬಹಳ ಚಿಕ್ಕದು. ಒಂದು ಸಲಕ್ಕೆ ಎಷ್ಟು ತುಣುಕು ಹಿಡಿಯುತ್ತದೆ ಅನ್ನೋದಕ್ಕೆ ಜಾರ್ಜ್ ಮಿಲ್ಲರ್ 1956ರಲ್ಲಿ ಸುಮಾರು ಏಳು ಅಂದರು. ನೆಲ್ಸನ್ ಕೋವನ್ 2001ರಲ್ಲಿ, ಬೇರೆ ಉಪಾಯ ಏನೂ ಮಾಡದಿದ್ದರೆ ಸುಮಾರು ನಾಲ್ಕೇ ಅಂದರು.

ಕನ್ನಡದಲ್ಲಿ ಈ ಜಾಗಕ್ಕೆ ಕೆಲಸ ಹೇಗಿರುತ್ತದೆ ನೋಡಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಈ ಬಿಳಿ ಮಾತ್ರೆನ ರಾತ್ರಿ ಊಟ ಆದ್ಮೇಲೆ ಹಾಲಿನ ಜೊತೆ ತಗೋ..." ಇಲ್ಲಿಯವರೆಗೆ ಬಂದರೂ ಏನು ಮಾಡಬೇಕು ಅಂತ ಗೊತ್ತಿಲ್ಲ. "ತಗೋಬೇಕು" ಅಂತಾರೋ "ತಗೋಬಾರದು" ಅಂತಾರೋ? ಆ ಕೊನೆಯ ತುಣುಕು ಬರುವವರೆಗೆ ಬಿಳಿ ಮಾತ್ರೆ, ರಾತ್ರಿ, ಊಟ, ಹಾಲು ಎಲ್ಲವನ್ನೂ ತಲೆಯಲ್ಲಿ ಹಿಡಿದುಕೊಂಡು ಕಾಯಬೇಕು. ಎಲ್ಲಕ್ಕಿಂತ ಮುಖ್ಯವಾದ ತುಣುಕು ಬರುವ ಹೊತ್ತಿಗೆ ಹೇಳುವವರ ದನಿ ಇಳಿದಿರುತ್ತದೆ. ಚೀಟಿ ಬರೆಯುತ್ತಾ ತಲೆಯೂ ಬಗ್ಗಿರುತ್ತದೆ.

ಕೇಳಿಸಿಕೊಳ್ಳುವುದಕ್ಕೂ ನೆನಪಿಟ್ಟುಕೊಳ್ಳುವುದಕ್ಕೂ ಖರ್ಚು ಬರುವುದು ಒಂದೇ ಜೇಬಿನಿಂದ. ಬಸ್ಸಿಗೇ ಪೂರ್ತಿ ದುಡ್ಡು ಕೊಟ್ಟುಬಿಟ್ಟರೆ ಊರಿಗೆ ಹೋಗಿ ಸಾಮಾನು ತರೋಕೆ ಏನುಳಿಯುತ್ತದೆ? ಕಿವಿ ಚೆನ್ನಾಗಿದ್ದು, ಜಾಗ ನಿಶ್ಶಬ್ದವಾಗಿದ್ದರೆ ಕೇಳಿಸಿಕೊಳ್ಳುವುದಕ್ಕೆ ಖರ್ಚೇ ಇಲ್ಲ ಅನ್ನುವಷ್ಟು ಕಮ್ಮಿ. ಕಿವಿ ಮಂದವಾದರೆ, ಗದ್ದಲ ಸೇರಿದರೆ, ಪ್ರತಿ ಪದವನ್ನೂ ಊಹಿಸಿ ಜೋಡಿಸಬೇಕು.

ಇದನ್ನು ತೋರಿಸುವ ಒಂದು ಹಳೆಯ ಪ್ರಯೋಗ ನನಗೆ ಬಹಳ ಇಷ್ಟ. 1968ರಲ್ಲಿ ಇಂಗ್ಲೆಂಡಿನ ಪ್ಯಾಟ್ರಿಕ್ ರ‍್ಯಾಬಿಟ್ ಮಾಡಿದ್ದು. ಜನರಿಗೆ ಅಂಕಿಗಳ ಪಟ್ಟಿ ಕೇಳಿಸಿದರು. ಪಟ್ಟಿಯ ಮೊದಲ ಅರ್ಧ ಸ್ವಚ್ಛವಾಗಿ, ಎರಡನೇ ಅರ್ಧ ಗದ್ದಲದ ಜೊತೆ. ಗದ್ದಲ ಎಂಥದು ಅಂದರೆ ಅಂಕಿ ಗೊತ್ತಾಗದಷ್ಟು ಜೋರಿಲ್ಲ. ಆದರೂ ಜನ ಮರೆತದ್ದು ಯಾವುದನ್ನು? ಸ್ವಚ್ಛವಾಗಿ ಕೇಳಿಸಿದ್ದ ಮೊದಲ ಅರ್ಧವನ್ನು! ಎರಡನೇ ಅರ್ಧವೂ ಗದ್ದಲ ಇಲ್ಲದೆ ಬಂದಾಗ ಅದೇ ಮೊದಲ ಅರ್ಧ ಚೆನ್ನಾಗಿ ನೆನಪಿತ್ತು. ಅಂದರೆ ಆಮೇಲೆ ಬಂದದ್ದನ್ನು ಬಿಡಿಸಿಕೊಳ್ಳುವ ಕಷ್ಟಕ್ಕೆ, ಆಗಲೇ ಒಳಗೆ ಬಂದಿದ್ದದ್ದು ಜಾರಿಹೋಯಿತು.

2005ರಲ್ಲಿ ಅಮೆರಿಕದ ಆರ್ಥರ್ ವಿಂಗ್‌ಫೀಲ್ಡ್ ಮತ್ತು ಜೊತೆಯವರು ಇದೇ ವಿಷಯವನ್ನು ವಯಸ್ಸಾದವರಲ್ಲಿ ನೋಡಿದರು. ಪದಗಳು ಒಂದರ ಹಿಂದೆ ಒಂದು ಬರುತ್ತವೆ. ಇದ್ದಕ್ಕಿದ್ದಂತೆ ನಿಲ್ಲಿಸುತ್ತಾರೆ. ಕೊನೆಯ ಮೂರು ಪದ ಹೇಳಬೇಕು. ಕಿವಿ ಚೆನ್ನಾಗಿದ್ದವರೂ ಸ್ವಲ್ಪ ಮಂದವಾಗಿದ್ದವರೂ ಕಟ್ಟಕಡೆಯ ಪದವನ್ನು ಒಂದೇ ಸಮ ಸರಿಯಾಗಿ ಹೇಳಿದರು. ಅಂದರೆ ಇಬ್ಬರಿಗೂ ಕೇಳಿಸುತ್ತಿತ್ತು. ಆದರೆ ಅದರ ಹಿಂದಿನ ಎರಡು ಪದ ಹೇಳುವುದರಲ್ಲಿ ಕಿವಿ ಮಂದವಾದವರು ಹಿಂದೆ ಬಿದ್ದರು.

ನನ್ನ ಕೋಣೆಯಲ್ಲಿ ನೋಡಿದ್ದೊಂದನ್ನು ಇಲ್ಲಿ ಹೇಳಲೇಬೇಕು. ಮದ್ದೂರು ಕಡೆಯ ರೈತರೊಬ್ಬರು, ಎಪ್ಪತ್ತು ದಾಟಿದವರು, ಮಗಳ ಜೊತೆ ಬಂದಿದ್ದರು. ಹೊಸ ಮಿಷನ್ನಿನ ಬ್ಯಾಟರಿ ಹಾಕುವುದು ಹೇಗೆ ಅಂತ ಹೇಳಿಕೊಡುತ್ತಿದ್ದೆ. ಬಾಗಿಲು ತೆರೆದಿತ್ತು, ಹೊರಗೆ ಕಾಯುತ್ತಿದ್ದವರ ಮಾತು, ಮೇಲೆ ಫ್ಯಾನು. "ಮೊದ್ಲು ಸ್ಟಿಕ್ಕರ್ ಕೀಳಿ." ಅವರು "ಹ್ಞೂಂ, ಸ್ಟಿಕ್ಕರ್ ಕೀಳ್ಬೇಕು" ಅಂದರು. "ಆಮೇಲೆ ಒಂದು ನಿಮಿಷ ಹಂಗೇ ಬಿಡಿ, ಗಾಳಿ ತಾಗ್ಲಿ." "ಹ್ಞೂಂ, ಗಾಳಿ ತಾಗ್ಬೇಕು." "ಪ್ಲಸ್ ಗುರುತು ಮೇಲೆ ಬರ್ಬೇಕು." "ಪ್ಲಸ್ಸು ಮೇಲಕ್ಕೆ." ಒಂದೊಂದನ್ನೂ ತಪ್ಪಿಲ್ಲದೆ ತಿರುಗಿ ಹೇಳಿದರು. ಬ್ಯಾಟರಿಯನ್ನು ಕೈಗೆ ಕೊಟ್ಟೆ. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಾಗೇ ಕೂತರು. ಆ ಸಣ್ಣ ಕಿತ್ತಳೆ ಸ್ಟಿಕ್ಕರ್ ಕಣ್ಣೆದುರಿಗೇ ಇದೆ. ಏನು ಮಾಡಬೇಕು ಅಂತ ಹೊಳೆಯುತ್ತಿಲ್ಲ. ಮಗಳು ರೇಗಿದಳು. "ಈಗ್ ತಾನೆ ಹೇಳುದ್ರಲ್ಲಪ್ಪ, ಆಗ್ಲೇ ಮರ್ತ್‌ಬುಟ್ಯಾ?" ಅವರ ಮುಖ ಸಣ್ಣದಾಯಿತು.

ಬಾಗಿಲು ಹಾಕಿದೆವು, ಫ್ಯಾನು ನಿಲ್ಲಿಸಿದೆವು. ಎದುರಿಗೆ, ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ಕೂತೆ. ಒಂದು ಹೇಳಿದೆ, ಮಾಡಿದರು. ಇನ್ನೊಂದು ಹೇಳಿದೆ, ಮಾಡಿದರು. ಆಮೇಲೆ ಏನೂ ಹೇಳದೆ ಬ್ಯಾಟರಿ ಕೊಟ್ಟಾಗ ಮೂರನ್ನೂ ಸಾಲಾಗಿ ಅವರೇ ಮಾಡಿದರು. ಆ ಅರ್ಧ ಗಂಟೆಯಲ್ಲಿ ಅವರ ನೆನಪಿನ ಶಕ್ತಿಯೇನೂ ಬದಲಾಗಿರಲಿಲ್ಲ. ಅದಕ್ಕೇ ನಾನು ಮನೆಯವರಿಗೆ ಕೈಮುಗಿದು ಹೇಳುವುದು. "ಆಗ್ಲೇ ಮರೆತ್ಯಾ" ಅನ್ನುವ ಮಾತನ್ನು ಸ್ವಲ್ಪ ತಡೆದುಕೊಳ್ಳಿ. ಆ ಮಾತು ಕೇಳಿ ಕೇಳಿ ಎಷ್ಟೋ ಹಿರಿಯರು ಮಾತಾಡುವುದನ್ನೇ ಬಿಟ್ಟಿದ್ದಾರೆ.

ತಲೆ ಎಷ್ಟು ದುಡಿಯುತ್ತಿದೆ ಅಂತ ಹೊರಗಿನಿಂದ ಅಳೆಯುವುದಕ್ಕೂ ದಾರಿ ಇದೆ. ಕಣ್ಣಿನ ಪಾಪೆ. ಕಷ್ಟಪಟ್ಟು ನೆನಪಿಟ್ಟುಕೊಳ್ಳುವಾಗ, ಕಷ್ಟಪಟ್ಟು ಕೇಳಿಸಿಕೊಳ್ಳುವಾಗ ಅದು ಹಿಗ್ಗುತ್ತದೆ. ನೆನಪಿನ ವಿಷಯದಲ್ಲಿ ಇದು 1966ರಷ್ಟು ಹಿಂದೆಯೇ ಗೊತ್ತಾಗಿತ್ತು. ಈಗ ಕೇಳುವ ಶ್ರಮ ಅಳೆಯೋಕೂ ಇದನ್ನು ಬಳಸುತ್ತಾರೆ.

ಹಾಗಾದರೆ ತುಟಿ ಕಂಡರೆ ನೆನಪಿನ ಹೊರೆಯೂ ಇಳಿಯುತ್ತದಾ? ಇಲ್ಲಿ ಉತ್ತರ ಅಷ್ಟು ಸಲೀಸಿಲ್ಲ, ಸ್ವಲ್ಪ ನಿಧಾನವಾಗಿ ನೋಡೋಣ. 2013ರಲ್ಲಿ ಎರಡು ಕಡೆಯಿಂದ ಎರಡು ಥರದ ಫಲಿತಾಂಶ ಬಂತು. ಕೆನಡಾದಲ್ಲಿ ಜನರಿಗೆ ಅಂಕಿ ಕೇಳಿಸಿ, "ಈಗ ಬಂದ ಅಂಕಿ ಸ್ವಲ್ಪ ಹಿಂದೆ ಬಂದದ್ದೇನಾ?" ಅಂತ ಕೇಳುತ್ತಾ ಹೋದರು. ಮುಖ ಕಂಡಾಗ ಕಿರಿಯರೂ ಹಿರಿಯರೂ ಬೇಗ ಉತ್ತರಿಸಿದರು. ಅದೇ ವರ್ಷ ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ಎರಡಂಕಿಯ ಸಂಖ್ಯೆಗಳನ್ನು ಕೇಳಿಸಿ, ಅವುಗಳಲ್ಲಿ ದೊಡ್ಡದು ಯಾವುದು, ಸಮ ಯಾವುದು, ಬೆಸ ಯಾವುದು ಅಂತ ವಿಂಗಡಿಸಿ ನೆನಪಿಟ್ಟುಕೊಳ್ಳಲು ಹೇಳಿದರು. ಕಿವಿ ಚೆನ್ನಾಗಿರುವ ಯುವಕರಲ್ಲಿ, ನಿಶ್ಶಬ್ದ ಜಾಗದಲ್ಲಿ, ಮುಖ ಕಂಡಾಗ ಕೆಲಸ ಕೊಂಚ ಕೆಟ್ಟಿತು! ದನಿಯೊಂದೇ ಸಾಕಾಗಿದ್ದಾಗ ಮುಖ ಗಮನ ಸೆಳೆಯುವ ಹೆಚ್ಚುವರಿ ವಸ್ತು ಆಯಿತು ಅಂತ ಕಾಣುತ್ತದೆ. ಆದರೆ ಗದ್ದಲ ಸೇರಿಸಿದಾಗ ಮುಖ ನೆರವಿಗೆ ಬಂತು. ಕಿವಿ ಮಂದವಾದ ಹಿರಿಯರಿಗೂ ನೆರವಾಯಿತು.

ಇನ್ನೊಂದು ತಿರುವೂ ಇದೆ. ಕಣ್ಣು ಕಿವಿ ಎರಡನ್ನೂ ಸೇರಿಸುವ ಕೆಲಸ ತಾನಾಗಿ ಆಗುತ್ತದೆ, ಅದಕ್ಕೆ ಖರ್ಚಿಲ್ಲ ಅಂತ ಬಹಳ ಕಾಲ ನಂಬಿದ್ದರು. 2005ರಲ್ಲಿ ಸ್ಪೇನಿನ ಸಂಶೋಧಕರು ಆಗ ಹೇಳಿದೆನಲ್ಲ, ಆ 'ಬ-ಗ-ದ' ಥರದ ಪರೀಕ್ಷೆಯನ್ನೇ ಮಾಡಿದರು. ಆದರೆ ಜನರಿಗೆ ಅದೇ ಹೊತ್ತಿನಲ್ಲಿ ಇನ್ನೊಂದು ಕಷ್ಟದ ಕೆಲಸವನ್ನೂ ಕೊಟ್ಟರು. ಬರುತ್ತಿರುವ ಚಿತ್ರ ಅಥವಾ ಸದ್ದುಗಳಲ್ಲಿ ಯಾವುದು ಮತ್ತೆ ಬಂತು ಅಂತ ಹಿಡಿಯಬೇಕು. ಆಗ ಎರಡೂ ಸೇರಿ ಹೊಸ ಅಕ್ಷರ ಕೇಳಿಸುವುದು ಕಮ್ಮಿಯಾಯಿತು. ಗಮನ ಬೇರೆ ಕಡೆ ಹಂಚಿಹೋದರೆ, ತುಟಿ ಕಣ್ಣಿಗೆ ಕಂಡರೂ ಅದರ ಉಪಯೋಗ ಪೂರ್ತಿ ಸಿಗುವುದಿಲ್ಲ.

ಇದೆಲ್ಲ ಓದಿ, ನನ್ನ ಕೋಣೆಯಲ್ಲಿ ನೋಡಿದ್ದನ್ನೂ ಸೇರಿಸಿ ನನಗೆ ಅನ್ನಿಸುವುದು ಇಷ್ಟು. ಕೇಳಿಸುವುದು ಕಷ್ಟವಾದಾಗ ಮುಖ ದೊಡ್ಡ ಆಸರೆ. ಆದರೆ ಮುಖ ತೋರಿಸುತ್ತಾ ಒಂದೇ ಉಸಿರಿಗೆ ಹತ್ತು ವಿಷಯ ಹೇಳಿದರೆ ಆ ಆಸರೆಯೂ ಕುಸಿಯುತ್ತದೆ. ಎರಡೂ ಬೇಕು. ಮುಖ ಕಾಣಬೇಕು, ಹೊರೆ ಚಿಕ್ಕದಿರಬೇಕು.

ಬ್ಯಾಂಕಿನ ಕೌಂಟರು ನೆನಪಿಸಿಕೊಳ್ಳಿ. ಮಧ್ಯೆ ಗಾಜು, ಗಾಜಿಗೆ ಅಂಟಿಸಿದ ನೋಟೀಸು, ಹಿಂದೆ ಟೋಕನ್ ಕೂಗುವ ಮಿಷನ್ನು. ಒಳಗಿನವರು ಕಂಪ್ಯೂಟರ್ ನೋಡುತ್ತಾ, "ಆಧಾರ್ ಜೆರಾಕ್ಸು, ಎರಡು ಫೋಟೋ, ಪಾಸ್‌ಬುಕ್ ತಗೊಂಡು ಬುಧವಾರ ಮೂರನೇ ಕೌಂಟರ್‌ಗೆ ಬನ್ನಿ" ಅಂತಾರೆ. ಕೇಳಿದವರಿಗೆ ಬುಧವಾರ ಮಾತ್ರ ಉಳಿಯುತ್ತದೆ. ಬುಧವಾರ ಬರಿಗೈಯಲ್ಲಿ ಬರುತ್ತಾರೆ, ಬೈಸಿಕೊಳ್ಳುತ್ತಾರೆ. ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಮುಗಿಯಿತು. ಮೆಡಿಕಲ್ ಸ್ಟೋರಿನಲ್ಲೂ ಅಷ್ಟೆ. ಮಾತ್ರೆ ಕವರಿನ ಮೇಲೆ ಪೆನ್ನಲ್ಲಿ ಗೀಟು ಹಾಕಿ ಕೊಡುತ್ತಾರಲ್ಲ, ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ, ಅದು ಬಹಳ ಒಳ್ಳೆಯ ಅಭ್ಯಾಸ. ನೆನಪಿನ ಕೆಲಸವನ್ನು ಕವರು ಮಾಡುತ್ತದೆ. ತಲೆ ಕೇಳಿಸಿಕೊಳ್ಳುವ ಕೆಲಸ ಒಂದನ್ನೇ ಮಾಡಿದರೆ ಸಾಕು.

ಕೋವಿಡ್ ಕಾಲದಲ್ಲಿ ಎಲ್ಲರೂ ಮಾಸ್ಕ್ ಹಾಕಿದಾಗ ನನ್ನ ಹತ್ತಿರ ಬಂದ ಹಿರಿಯರಲ್ಲಿ ಎಷ್ಟೋ ಜನ "ಈಗೀಗ ಕಿವಿ ಜಾಸ್ತಿ ಕೆಟ್ಟಿದೆ" ಅಂದರು. ಪರೀಕ್ಷೆ ಮಾಡಿದರೆ ಕಿವಿ ಮೊದಲಿನಷ್ಟೇ ಇತ್ತು. ಮಾಸ್ಕ್ ಮೇಲುಸ್ತರದ ಸದ್ದನ್ನು, ಅಂದರೆ ಸ, ಶ, ತ ಇಂಥವುಗಳ ಚೂಪನ್ನು ಸ್ವಲ್ಪ ತಗ್ಗಿಸುತ್ತದೆ. ಜೊತೆಗೆ ತುಟಿಯನ್ನೂ ಮುಚ್ಚುತ್ತದೆ. ಅವರು ಅದುವರೆಗೆ ಎಷ್ಟನ್ನು ಕಣ್ಣಿನಿಂದ ಕೇಳುತ್ತಿದ್ದರು ಅಂತ ಅವರಿಗೇ ಗೊತ್ತಿರಲಿಲ್ಲ.

ಫೋನಿನದೂ ಇದೇ ಕಥೆ. ಹಳೆಯ ಫೋನ್ ಲೈನು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನಷ್ಟೇ ಸಾಗಿಸುತ್ತಿತ್ತು. 'ಸ'ಕಾರದ ಬಲವೆಲ್ಲ ಅದಕ್ಕಿಂತ ಮೇಲೇ ಇರುವುದು. ಬೆಂಗಳೂರಿನಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದರೆ ಒಳ್ಳೆಯದು. ಆದರೆ ನೀವು ಕಿಟಕಿಗೆ ಬೆನ್ನು ಹಾಕಿ ಕೂತು ಮೊಬೈಲ್ ಹಿಡಿಯಬೇಡಿ, ಮುಖ ಕಪ್ಪಾಗಿ ಕಾಣುತ್ತದೆ. ನೆಟ್‌ವರ್ಕ್ ಸರಿ ಇಲ್ಲದೆ ದನಿ ಒಂದು ಕಡೆ, ಬಾಯಿ ಒಂದು ಕಡೆ ಆದರೆ ಲಾಭ ಹೋಗುತ್ತದೆ. ಬಾಯಿಗಿಂತ ದನಿ ಸ್ವಲ್ಪ ತಡವಾದರೆ ಮಿದುಳು ಸಹಿಸುತ್ತದೆ, ಸುಮಾರು 0.2 ಸೆಕೆಂಡಿನವರೆಗೂ ಎರಡನ್ನೂ ಸೇರಿಸಿಕೊಳ್ಳುತ್ತದೆ. ದನಿಯೇ ಮುಂಚೆ ಬಂದರೆ ಮಾತ್ರ ಅಷ್ಟು ಸಹಿಸುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿ. ಬಟ್ಟೆ ಕಲ್ಲಿಗೆ ಬಿದ್ದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ. ಲೋಕದಲ್ಲಿ ಯಾವಾಗಲೂ ಹಾಗೇ ಆಗುವುದು. ಮಿದುಳಿಗೂ ಅದೇ ರೂಢಿ.

ಮನೆಯಲ್ಲಿ ಮಾಡಬಹುದಾದ್ದು ಇನ್ನೂ ಸುಲಭ. ಅಡುಗೆ ಮನೆಯಿಂದ ಮಿಕ್ಸಿ ಸದ್ದಿನ ನಡುವೆ ಕೂಗಿ ಹೇಳಬೇಡಿ. ಎದುರಿಗೆ ಬಂದು, ಹೆಸರೋ ಸಂಬಂಧವೋ ಹಿಡಿದು ಕರೆದು, ಅವರು ನಿಮ್ಮ ಕಡೆ ತಿರುಗಿದ ಮೇಲೆ ಮಾತು ಶುರು ಮಾಡಿ. ಕೂಗುವುದರಿಂದ ಉಪಯೋಗಕ್ಕಿಂತ ತೊಂದರೆ ಜಾಸ್ತಿ. ಕೂಗಿದಾಗ ಬಾಯಿಯ ಆಕಾರ ಕೆಡುತ್ತದೆ, ಮುಖದಲ್ಲಿ ಸಿಟ್ಟೂ ಕಾಣುತ್ತದೆ. ಟಿವಿಯನ್ನು ಆರಿಸಿ. ಮೂರು ವಿಷಯ ಇದ್ದರೆ ಒಂದು ಹೇಳಿ, ನಿಲ್ಲಿಸಿ, ಆಮೇಲೆ ಇನ್ನೊಂದು ಹೇಳಿ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಎಲ್ಲ ಮರೆವೂ ಕಿವಿಯದೇ ಅಂತ ನಾನು ಹೇಳುತ್ತಿಲ್ಲ. ಡಿಮೆನ್ಷಿಯಾ ನಿಜವಾದ ಕಾಯಿಲೆ. ದಿನಾ ಓಡಾಡುವ ದಾರಿ ತಪ್ಪುವುದು, ಮನೆಯವರ ಹೆಸರು ಹೊಳೆಯದಿರುವುದು ಇಂಥದ್ದಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ನೆನಪಿನ ಪರೀಕ್ಷೆಯಲ್ಲಿ ಪ್ರಶ್ನೆಗಳನ್ನು ಬಾಯಲ್ಲೇ ಕೇಳುತ್ತಾರೆ ಅನ್ನೋದನ್ನೂ ಮರೆಯಬೇಡಿ. ಕಿವಿ ಮಿಷನ್ ಇರುವವರು ಅದನ್ನು ಹಾಕಿಕೊಂಡೇ ಹೋಗಬೇಕು, ಕನ್ನಡಕವನ್ನೂ ಹಾಕಿಕೊಂಡು ಹೋಗಬೇಕು. ಇಲ್ಲದಿದ್ದರೆ ಕೇಳಿಸದ್ದಕ್ಕೂ ಮರೆತದ್ದಕ್ಕೂ ಒಟ್ಟಿಗೇ ಅಂಕ ಕಳೆಯುತ್ತಾರೆ. ಕನ್ನಡಕ ಯಾಕೆ ಅಂತ ಈಗ ನಿಮಗೇ ಗೊತ್ತು.

(ಇಲ್ಲಿಗೆ ಮಾತು ಮುಗಿಸಿ ಪ್ರಶ್ನೆಗಳಿಗೆ ಬಿಟ್ಟೆ. ಎರಡನ್ನು ಇಲ್ಲಿ ಸೇರಿಸಿದ್ದೇನೆ.)

ಒಬ್ಬ ಅಜ್ಜಿ ಕೇಳಿದರು. "ಕನ್ನಡ ಧಾರಾವಾಹಿ ತಿಳೀತದೆ ಕಣವ್ವ. ಬೇರೆ ಭಾಷೆದು ಕನ್ನಡದಲ್ಲಿ ಬತ್ತದಲ್ಲ, ಅದು ಮಾತ್ರ ತಲೆಗೇ ಹತ್ತಾಕಿಲ್ಲ. ಯಾಕೆ?"

ಒಳ್ಳೆ ಪ್ರಶ್ನೆ ಅಜ್ಜಿ. ಡಬ್ಬಿಂಗ್ ಆದದ್ದರಲ್ಲಿ ದನಿ ಕನ್ನಡದ್ದು, ತುಟಿ ಬೇರೆ ಭಾಷೆಯದ್ದು. ನಿಮ್ಮ ಕಣ್ಣು ಅಭ್ಯಾಸದಂತೆ ತುಟಿಯ ಸಹಾಯಕ್ಕೆ ಹೋಗುತ್ತದೆ, ಅಲ್ಲಿ ಸಹಾಯ ಸಿಗುವುದಿಲ್ಲ. ಮೊಮ್ಮಕ್ಕಳಿಗೆ ದನಿಯೊಂದೇ ಸಾಕು, ಅವರಿಗೆ ತೊಂದರೆ ಆಗಲ್ಲ. ಹಿನ್ನೆಲೆ ಸಂಗೀತವೂ ಜೋರಾಗಿದ್ದರೆ ನಿಮಗೆ ಎರಡು ಕಷ್ಟ. ಅಕ್ಷರ ಓದಲು ಕಣ್ಣು ಚೆನ್ನಾಗಿದ್ದರೆ ಕೆಳಗೆ ಕನ್ನಡ ಸಾಲು ಬರುವ ಹಾಗೆ ಹಾಕಿಕೊಡಲು ಮೊಮ್ಮಗನಿಗೆ ಹೇಳಿ.

ಆಮೇಲೆ ಒಬ್ಬರು ಮೇಷ್ಟ್ರು ಎದ್ದರು. ಅವರ ನಾಲ್ಕನೇ ತರಗತಿಯಲ್ಲಿ ಮಿಷನ್ ಹಾಕಿಕೊಂಡ ಹುಡುಗ ಒಬ್ಬ ಇದ್ದಾನೆ. "ಮುಂದಿನ ಬೆಂಚಲ್ಲೇ ಕೂರಿಸಿದ್ದೀನಿ ಮೇಡಂ. ಓದೋಕೆ ಬರುತ್ತೆ, ಚುರುಕಾಗೇ ಇದಾನೆ. ಬಾಯಿ ಲೆಕ್ಕ ಕೊಟ್ಟರೆ ಮಾತ್ರ ತಡವರಿಸ್ತಾನೆ."

ನಾನು ಅವರನ್ನು ಕೇಳಿದೆ: "ಲೆಕ್ಕ ಹೇಳುವಾಗ ನೀವು ಎಲ್ಲಿರ್ತೀರಿ ಸರ್?" ತರಗತಿಯಲ್ಲಿ ಓಡಾಡುತ್ತಾ ಹೇಳುತ್ತೇನೆ, ಕೆಲವು ಸಲ ಬೋರ್ಡಿನ ಕಡೆ ತಿರುಗಿರುತ್ತೇನೆ ಅಂದರು. ಬಾಯಿ ಲೆಕ್ಕದಲ್ಲಿ ಆ ಹುಡುಗ ಸಂಖ್ಯೆಗಳನ್ನು ಕೇಳಿಸಿಕೊಳ್ಳಬೇಕು, ಹಿಡಿದಿಟ್ಟುಕೊಳ್ಳಬೇಕು, ಕೂಡಬೇಕು. ಮೂರೂ ಒಂದೇ ಹೊತ್ತಿಗೆ. ತಡವರಿಸುತ್ತಿರುವುದು ಕೂಡುವುದರಲ್ಲಿ ಇರಲಿಕ್ಕಿಲ್ಲ. ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದು ಲೆಕ್ಕ ಮಾತ್ರ ಬಾಯಲ್ಲಿ ಮಾಡಿಸಿ ನೋಡಿ ಅಂದೆ. ಬರೆಯುವಾಗ ಮಾತಾಡಬೇಡಿ, ಬರೆದು ಮುಗಿಸಿ ಮಕ್ಕಳ ಕಡೆ ತಿರುಗಿದ ಮೇಲೆ ಮಾತಾಡಿ. ಮುಂದಿನ ಬೆಂಚು ಸರಿ, ಆದರೆ ತೀರಾ ಮೂಲೆಗೆ ಬೇಡ. ಕಿಟಕಿಗೆ ಅವನ ಬೆನ್ನು ಇರಲಿ, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಬೇರೆ ಮಕ್ಕಳು ಹಿಂದಿನ ಬೆಂಚಿನಿಂದ ಉತ್ತರ ಹೇಳಿದರೆ ಅದನ್ನು ನೀವು ಅವನ ಕಡೆ ನೋಡಿ ಇನ್ನೊಮ್ಮೆ ಹೇಳಿ.

ಎರಡು ವಾರ ಹೀಗೆ ಮಾಡಿ ನನಗೆ ಫೋನ್ ಮಾಡಿ ಅಂದಿದ್ದೇನೆ. ಆಗಲೂ ತಡವರಿಸಿದರೆ ಹುಡುಗನನ್ನು ಕರೆದುಕೊಂಡು ಬರಲಿ, ಮಿಷನ್ನಿನ ಸೆಟ್ಟಿಂಗ್ ನೋಡಬೇಕಾಗುತ್ತದೆ.